ಲಾಟ್ ನಂಬರ್ ಮೇಲೆ ಬಿದ್ದ ನೆರಳು: ಕ್ಯೂಟಿ ಆ್ಯಪ್‌ನ ಎಡ ಪ್ಯಾನೆಲ್ ರಿಪೇರಿ

ವಿಜಯಪುರದ ಅಥಣಿ ರಸ್ತೆ ಕಡೆ ಒಂದು ಕೋಲ್ಡ್ ಸ್ಟೋರೇಜ್. ಅಲ್ಲಿ ಒಣದ್ರಾಕ್ಷಿ ದಾಸ್ತಾನಿನ ಲೆಕ್ಕ ಇಡಲು ಒಂದು ಡೆಸ್ಕ್‌ಟಾಪ್ ಆ್ಯಪ್ ಇದೆ. ರೈತರು ಬಾಕ್ಸ್ ಇಳಿಸುತ್ತಾರೆ, ಕಾಟಾ ಆಗುತ್ತದೆ, ಲಾಟ್ ನಂಬರ್ ಬೀಳುತ್ತದೆ, ಮಾಲು ಯಾವ ಚೇಂಬರ್‌ಗೆ ಹೋಯಿತು ಅನ್ನೋದು ದಾಖಲಾಗುತ್ತದೆ. ಆ್ಯಪ್ ಬರೆದವರು ಬೇರೆಯವರು. ಈಗ ಅದನ್ನು ನೋಡಿಕೊಳ್ಳುವ ಕೆಲಸ ನನ್ನದು. ಒಳಗೆ ಪೈಥಾನ್, ಪರದೆಗೆ ಕ್ಯೂಟಿ (Qt, ಕಿಟಕಿ, ಬಟನ್, ಟೇಬಲ್ ಕಟ್ಟುವ ಸಾಮಗ್ರಿ), ಎರಡನ್ನೂ ಜೋಡಿಸಲು ಪೈಸೈಡ್ 6.

ದೂರು ಬಂದದ್ದು ಸೀಸನ್ ಜೋರಾಗಿದ್ದಾಗ. ತಿಕೋಟಾ ಕಡೆಯ ಶೆಡ್‌ಗಳಿಂದ ಮಾಲು ಒಂದೇ ಸಮನೆ ಬರುತ್ತಿತ್ತು. ಎಂಟ್ರಿ ಮಾಡುವ ಕಾಕಾ ಫೋನ್ ಮಾಡಿದರು. “ತಮ್ಮಾ, ಎಡಕ್ಕ ಕರ್ರಗ ಬೀಳಾಕತ್ತೈತಿ. ಲಾಟ್ ನಂಬರಿನ ಮೊದಲನೇ ಅಂಕಿ ಒಂದೈತೋ ಏಳೈತೋ ತಿಳಿವಲ್ದು. ಪರದೆ ಒರೆಸಿ ಒರೆಸಿ ಸಾಕಾತು.”

ಒಂದು ಮತ್ತು ಏಳು ಅದಲುಬದಲಾದರೆ ಒಬ್ಬ ರೈತನ ಮಾಲು ಇನ್ನೊಬ್ಬನ ಖಾತೆಗೆ ಹೋಗುತ್ತದೆ. ಇದನ್ನು ಬರೀ ಅಂದಚೆಂದದ ಮಾತು ಅಂತ ಬಿಡುವ ಹಾಗಿರಲಿಲ್ಲ.

ದೂರದ ಕಂಪ್ಯೂಟರ್‌ನ ಪರದೆ ತೋರಿಸುವ ಎನಿಡೆಸ್ಕ್‌ನಲ್ಲಿ ನೋಡಿದರೆ ಅಂಥದ್ದೇನೂ ಕಾಣಲಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದೇ ಆ್ಯಪ್ ತೆರೆದರೂ ಎಡ ಪ್ಯಾನೆಲ್‌ನ ಪಕ್ಕ ತೆಳು ನೆರಳು, ಚೆಂದವಾಗಿಯೇ ಇತ್ತು. ಕಾಕಾಗೆ ಹೇಳಿ ಮೊಬೈಲ್‌ನಲ್ಲಿ ಪರದೆಯ ಫೋಟೋ ತೆಗೆಸಿಕೊಂಡೆ. ಆಗ ಗೊತ್ತಾಯಿತು. ಅವರ ಮಾನಿಟರ್ ಹಳೆಯ ಟಿಎನ್ ಪ್ಯಾನೆಲ್‌ನದು (ಎಲ್‌ಸಿಡಿ ಪರದೆಯ ಒಂದು ಅಗ್ಗದ ಬಗೆ), ವಿಜಿಎ ಕೇಬಲ್ ಬೇರೆ. ಅಗ್ಗದ ಟಿಎನ್ ಪರದೆಗಳಲ್ಲಿ ಒಂದೊಂದು ಬಣ್ಣಕ್ಕೆ 6 ಬಿಟ್, ಅಂದರೆ 64 ಹಂತ ಮಾತ್ರ ಇರುವುದು ಸಾಮಾನ್ಯ. ಉಳಿದ ಹಂತಗಳನ್ನು ಚುಕ್ಕಿ ಬೆರೆಸಿ ತೋರಿಸುತ್ತವೆ. ಹಾಗಾಗಿ ನನ್ನ ಪರದೆಯಲ್ಲಿ ನುಣ್ಣಗೆ ಕರಗುವ ನೆರಳು ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ, ಪಟ್ಟೆ ಪಟ್ಟೆಯಾಗಿ ಬೀಳುತ್ತದೆ. ಅದರ ಮೇಲೆ ಮಾನಿಟರ್ ಇಟ್ಟಿರುವುದು ಎತ್ತರದ ಕಪಾಟಿನ ಮೇಲೆ. ಕೂತು ಕೆಳಗಿನಿಂದ ನೋಡಬೇಕು. ಟಿಎನ್ ಪರದೆಯನ್ನು ಕೆಳಗಿನಿಂದ ನೋಡಿದರೆ ಬೂದು ಬಣ್ಣವೆಲ್ಲ ಇನ್ನೂ ಕಪ್ಪಾಗುತ್ತದೆ.

ಮಾನಿಟರ್ ಕೆಳಗಿಳಿಸಿ ಅಂತ ಹೇಳಬಹುದಿತ್ತು. ಆದರೆ ಆ ನೆರಳು ಅಲ್ಲಿ ಇರಬೇಕಾದ ಕಾರಣವೇ ನನಗೆ ಕಾಣಲಿಲ್ಲ. ನೆರಳು ಅಂದರೆ ಒಂದು ವಸ್ತು ಇನ್ನೊಂದರ ಮೇಲೆ ತೇಲುತ್ತಿದೆ ಅನ್ನುವ ಸೂಚನೆ. ಈ ಪ್ಯಾನೆಲ್ ಯಾವುದರ ಮೇಲೂ ತೇಲುತ್ತಿಲ್ಲ. ಟೇಬಲ್‌ನ ಪಕ್ಕದಲ್ಲಿ ಸುಮ್ನೆ ಕೂತಿದೆ. ಹಾಗಾದ ಮೇಲೆ ನೆರಳು ಯಾಕೆ, ಅಲ್ವಾ?

ಯಾರದು ಈ ನೆರಳು?

ಕೋಡ್ ಕೈಗೆ ಬಂದ ತಕ್ಷಣ ಮೊದಲು ನೋಡಿದ್ದು ಸ್ಟೈಲ್ ಶೀಟ್, ಅಂದರೆ ಬಣ್ಣ, ಗೆರೆ, ಅಳತೆಗಳ ನಿಯಮ ಬರೆಯುವ ಜಾಗ. ಅದರಲ್ಲಿ ಬಾಕ್ಸ್ ಶ್ಯಾಡೋ ಅಂತ ಸಾಲುಗಳೇ ಇದ್ದವು. ವೆಬ್ ಕಡೆಯಿಂದ ಬಂದವರ ಕೈಬರಹ ಅಂತ ಅನ್ನಿಸಿತು. ಕ್ಯೂಟಿಯ ಸ್ಟೈಲ್ ಶೀಟ್ ವೆಬ್‌ಪುಟಗಳ ಸಿಎಸ್‌ಎಸ್ ತರಹ ಕಂಡರೂ ಸಿಎಸ್‌ಎಸ್ ಅಲ್ಲ. ಬಾಕ್ಸ್ ಶ್ಯಾಡೋ ಅದಕ್ಕೆ ಗೊತ್ತೇ ಇಲ್ಲ. ಆ್ಯಪ್ ಶುರುವಾದಾಗ ಕನ್ಸೋಲ್‌ನಲ್ಲಿ “ಅನ್‌ನೋನ್ ಪ್ರಾಪರ್ಟಿ” ಅಂತ ಗೊಣಗಿ ಮುಂದೆ ಹೋಗುತ್ತದೆ. ಆ ಸಾಲುಗಳನ್ನು ಅಳಿಸಿದೆ, ಪರದೆಯಲ್ಲಿ ಏನೂ ಬದಲಾಗಲಿಲ್ಲ. ಬದಲಾಗುವುದೂ ಇಲ್ಲ. ನೆರಳು ಬೇರೆ ಎಲ್ಲಿಂದಲೋ ಬರುತ್ತಿತ್ತು.

ಇಲ್ಲಿ ಒಂದು ಕಿವಿಮಾತು. ಕ್ಯೂಟಿಯಲ್ಲಿ ಯಾವ ವಿಜೆಟ್ (ಬಟನ್, ಟೇಬಲ್, ಪ್ಯಾನೆಲ್‌ನಂಥ ಪರದೆಯ ಒಂದೊಂದು ತುಂಡು) ಎಲ್ಲಿದೆ ಅಂತ ಹುಡುಕಲು ಎಲ್ಲರೂ ಮಾಡುವ ಉಪಾಯ ಒಂದಿದೆ. ಒಂದು ಶಾರ್ಟ್‌ಕಟ್ ಕೀ ಇಟ್ಟು, ಅದನ್ನು ಒತ್ತಿದಾಗ ಮೌಸ್ ಕೆಳಗಿನ ವಿಜೆಟ್ ಯಾವುದು ಅಂತ ‘ವಿಜೆಟ್ ಅಟ್’ ಫಂಕ್ಷನ್‌ನಿಂದ ಕೇಳುವುದು. ನೆರಳಿನ ಬೇಟೆಗೆ ಈ ಉಪಾಯ ದಾರಿ ತಪ್ಪಿಸುತ್ತದೆ. ನೆರಳು ಬೀಳುವುದು ಪ್ಯಾನೆಲ್‌ನ ಅಳತೆಯ ಹೊರಗೆ. ನೆರಳಿನ ಮೇಲೆ ಮೌಸ್ ಇಟ್ಟು ಕೇಳಿದರೆ ಉತ್ತರ ‘ಟೇಬಲ್’ ಅಂತ ಬರುತ್ತದೆ. ಟೇಬಲ್‌ನ ಕೋಡ್ ಎಷ್ಟು ಜಾಲಾಡಿದರೂ ಅಲ್ಲಿ ನೆರಳಿನ ಸುಳಿವು ಸಿಗುವುದಿಲ್ಲ.

ಅದಕ್ಕೆ ತಿರುವುಮುರುವಾಗಿ ಹೋಗಬೇಕು. ಆ್ಯಪ್‌ನ ‘ಆಲ್ ವಿಜೆಟ್ಸ್’ ಪಟ್ಟಿ ತೆಗೆದು, ಯಾವ ವಿಜೆಟ್‌ನ ‘ಗ್ರಾಫಿಕ್ಸ್ ಎಫೆಕ್ಟ್’ (ನೆರಳು, ಮಸುಕಿನಂಥ ಅಲಂಕಾರ) ಖಾಲಿ ಇಲ್ಲವೋ ಅವುಗಳ ಕ್ಲಾಸ್ ಹೆಸರು, ಆಬ್ಜೆಕ್ಟ್ ಹೆಸರು ಪ್ರಿಂಟ್ ಮಾಡಿಸಿದೆ. ನಾಲ್ಕೇ ಸಾಲಿನ ಕೋಡ್. (ಇಲ್ಲಿ ಓದಲು ಸುಲಭವಾಗಲಿ ಅಂತ ಈ ಹೆಸರುಗಳನ್ನು ಬಿಡಿಸಿ ಬರೆಯುತ್ತಿದ್ದೇನೆ. ಕೋಡ್‌ನಲ್ಲಿ ಎಲ್ಲವೂ ಕೂಡಿಸಿ ಒಂದೇ ಪದ.) ಮೂರು ಹೆಸರು ಬಂದವು: ಎಡ ಪ್ಯಾನೆಲ್, ಮೇಲಿನ ಟ್ಯಾಬ್ ಪಟ್ಟಿ, ಲಾಗಿನ್ ಚೌಕ. ಲಾಗಿನ್ ಚೌಕ ನಿಜಕ್ಕೂ ತೇಲುವ ವಸ್ತು, ಅದನ್ನು ಮುಟ್ಟಲಿಲ್ಲ. ಉಳಿದ ಎರಡರ ಎಫೆಕ್ಟ್‌ಗಳನ್ನು ‘ಸೆಟ್ ಎನೇಬಲ್ಡ್’ ಫಾಲ್ಸ್ ಮಾಡಿ ಒಂದೊಂದಾಗಿ ಆರಿಸಿ ನೋಡಿದೆ. ಅಳಿಸುವ ಮೊದಲು ಹೀಗೆ ಆರಿಸಿ ನೋಡುವುದು ಒಳ್ಳೆಯದು. ಯಾವ ಪಟ್ಟೆ ಯಾರದು ಅನ್ನೋದು ಕಣ್ಣೆದುರೇ ಗೊತ್ತಾಗುತ್ತದೆ.

ಡ್ರಾಪ್ ಶ್ಯಾಡೋ ಎಫೆಕ್ಟ್

ಎರಡಕ್ಕೂ ಹಚ್ಚಿದ್ದು ಒಂದೇ ಸಾಮಾನು, ಕ್ಯೂ ಗ್ರಾಫಿಕ್ಸ್ ಡ್ರಾಪ್ ಶ್ಯಾಡೋ ಎಫೆಕ್ಟ್. ಇದು 2009ರ ಕೊನೆಯಲ್ಲಿ ಬಂದ ಕ್ಯೂಟಿ 4.6ರಿಂದ ಇದೆ. ಏನೂ ಹೇಳದೆ ಹಚ್ಚಿದರೆ ಬಲಕ್ಕೆ 8, ಕೆಳಕ್ಕೆ 8 ಪಿಕ್ಸೆಲ್ ಸರಿದ, ಬ್ಲರ್ (ಮಸುಕಿನ ಹರವು) 1 ಇರುವ, ಅರೆಪಾರದರ್ಶಕ ಕಡು ಬೂದು ನೆರಳು ಬೀಳುತ್ತದೆ. ನಮ್ಮ ಎಡ ಪ್ಯಾನೆಲ್‌ಗೆ ಹಿಂದಿನವರು ಬ್ಲರ್ 40 ಕೊಟ್ಟಿದ್ದರು. ಬಣ್ಣ ಕಪ್ಪು, ಆಲ್ಫಾ (ಗಾಢತೆ, 255 ಅಂದರೆ ಪೂರ್ತಿ) 160. ಬಲಕ್ಕೆ 6 ಪಿಕ್ಸೆಲ್ ಸರಿಸಿದ್ದರು. ಟೇಬಲ್‌ನ ಮೊದಲ ಕಾಲಂ ಲಾಟ್ ನಂಬರ್, ಅದರ ಅಂಕಿಗಳು ಎಡಕ್ಕೆ ಒತ್ತಿಕೊಂಡು ಕೂರುತ್ತವೆ. ನೆರಳಿನ ಅತೀ ದಟ್ಟ ಭಾಗ ಸರಿಯಾಗಿ ಮೊದಲನೇ ಅಂಕಿಯ ಮೇಲೆಯೇ.

ಈ ಎಫೆಕ್ಟ್ ಕೆಲಸ ಮಾಡುವ ರೀತಿ ಗೊತ್ತಿದ್ದರೆ ಇನ್ನೆರಡು ತೊಂದರೆಗಳ ಗುಟ್ಟೂ ತಿಳಿಯುತ್ತದೆ. ವಿಜೆಟ್ ಮತ್ತು ಅದರೊಳಗಿನ ಮರಿ ವಿಜೆಟ್‌ಗಳನ್ನೆಲ್ಲ ಕ್ಯೂಟಿ ಮೊದಲು ಒಂದು ಚಿತ್ರವಾಗಿ ಬರೆದುಕೊಳ್ಳುತ್ತದೆ. ಆ ಚಿತ್ರದಲ್ಲಿ ಎಲ್ಲಿ ಬಣ್ಣ ಇದೆಯೋ ಅದರ ಆಕಾರವನ್ನು ತೆಗೆದು, ಮಸುಕು ಮಾಡಿ, ಸರಿಸಿ, ಕೆಳಗೆ ಹಾಸುತ್ತದೆ. ಅದರ ಮೇಲೆ ಮೂಲ ಚಿತ್ರ ಇಡುತ್ತದೆ. ಈ ಮಸುಕು ಮಾಡುವ ಕೆಲಸವೆಲ್ಲ ಸಿಪಿಯುದು.

ಮೊದಲ ತೊಂದರೆ ಗಡಿಯಾರ. ಎಡ ಪ್ಯಾನೆಲ್‌ನ ತಳದಲ್ಲಿ ಸೆಕೆಂಡ್ ತೋರಿಸುವ ಗಡಿಯಾರ ಇತ್ತು. ಎಫೆಕ್ಟ್ ಹಚ್ಚಿದ ವಿಜೆಟ್‌ನ ಒಳಗೆ ಒಂದು ಚಿಕ್ಕ ಲೇಬಲ್ ಬದಲಾದರೂ ಇಡೀ ವಿಜೆಟ್‌ನ ಚಿತ್ರ ಮತ್ತೆ ಆಗಬೇಕು. ಅಂದರೆ ಸೆಕೆಂಡಿಗೊಮ್ಮೆ ಪರದೆಯಷ್ಟು ಉದ್ದದ ಪ್ಯಾನೆಲ್ ಮತ್ತೆ ಬರೆದು, ಮತ್ತೆ 40ರ ಬ್ಲರ್. ಆ ಹಳೇ ಕಂಪ್ಯೂಟರ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಗೆರೆ ಸುಮ್ನೆ ಕೂತಾಗಲೂ ಗಡಿಯಾರದ ತಾಳಕ್ಕೆ ಕುಣಿಯುತ್ತಿತ್ತು. “ಆ್ಯಪ್ ಸ್ಲೋ ಐತಿ” ಅನ್ನುವ ಹಳೇ ದೂರಿಗೂ ಸ್ವಲ್ಪ ಉತ್ತರ ಇಲ್ಲೇ ಸಿಕ್ಕಿತು.

ಎರಡನೆಯದು ಅಕ್ಷರ. ಮೇಲಿನ ಟ್ಯಾಬ್ ಪಟ್ಟಿಯಲ್ಲಿ ಆವಕ, ಜಾವಕ, ಬಾಡಿಗೆ, ಒಣದ್ರಾಕ್ಷಿ ಲಾಟ್ ಅಂತ ಕನ್ನಡದಲ್ಲೇ ಹೆಸರುಗಳಿವೆ. ಆ ಅಕ್ಷರಗಳ ಸುತ್ತ ಮಸಿ ಮೆತ್ತಿದಂತೆ ಇತ್ತು. ಅದರಲ್ಲೂ ‘ದ್ರಾಕ್ಷಿ’ಯ ಒತ್ತುಗಳು ಒಂದಕ್ಕೊಂದು ಸೇರಿ ಉಂಡೆಯಾಗಿದ್ದವು. ನಿರ್ಮಲಾ ಯುಐ ಫಾಂಟ್‌ನ ದೋಷ ಅಂತ ಯಾರಾದರೂ ಅಂದುಕೊಳ್ಳಬಹುದು. ಅಲ್ಲ. ಆ ಪಟ್ಟಿ ಪೈಥಾನ್‌ನಲ್ಲಿ ಬರೆದ ಸ್ವಂತ ಕ್ಲಾಸ್, ಬರೀ ಕ್ಯೂವಿಜೆಟ್‌ನಿಂದ ಹುಟ್ಟಿದ್ದು. ಇಂಥ ಕ್ಲಾಸ್‌ಗೆ ಸ್ಟೈಲ್ ಶೀಟ್‌ನಲ್ಲಿ ಹಿನ್ನೆಲೆ ಬಣ್ಣ ಕೊಟ್ಟರೆ ಅದು ತಾನಾಗಿ ಬಳಿದುಕೊಳ್ಳುವುದಿಲ್ಲ. ‘ಡಬ್ಲ್ಯುಎ ಸ್ಟೈಲ್ಡ್ ಬ್ಯಾಕ್‌ಗ್ರೌಂಡ್’ ಅನ್ನುವ ಆಟ್ರಿಬ್ಯೂಟ್ ಆನ್ ಮಾಡಬೇಕು, ಇಲ್ಲವೇ ಪೇಂಟ್ ಇವೆಂಟ್ (ವಿಜೆಟ್ ತನ್ನ ಚಿತ್ರ ಬರೆದುಕೊಳ್ಳುವ ಫಂಕ್ಷನ್) ನಾವೇ ಬರೆಯಬೇಕು. ಹಿಂದಿನ ವಿಂಡೋ ಕೂಡ ಬಿಳಿಯೇ ಆಗಿದ್ದರಿಂದ ಪಟ್ಟಿ ಬಳಿದುಕೊಂಡಿಲ್ಲ ಅನ್ನೋದು ಯಾರಿಗೂ ಗೊತ್ತಾಗಿಲ್ಲ. ಹಿನ್ನೆಲೆ ಇಲ್ಲ ಅಂದಮೇಲೆ ಆ ಚಿತ್ರದಲ್ಲಿ ಬಣ್ಣ ಇರುವುದು ಅಕ್ಷರಗಳಿಗೆ ಮಾತ್ರ. ಹಾಗಾಗಿ ಪಟ್ಟಿಯ ಬದಲು ಒಂದೊಂದು ಅಕ್ಷರವೂ ತನ್ನದೇ ನೆರಳು ಬೀಳಿಸುತ್ತಿತ್ತು.

ನಿಮ್ಮ ಆ್ಯಪ್‌ನಲ್ಲಿ ನೆರಳು ಬೇಕು ಆದರೆ ಅಕ್ಷರ ಮಸುಕಾಗಬಾರದು ಅನ್ನುವುದಾದರೆ ಆ ಆಟ್ರಿಬ್ಯೂಟ್ ಒಂದೇ ಸಾಕು. ಹಿನ್ನೆಲೆ ಗಟ್ಟಿಯಾದ ಕೂಡಲೇ ನೆರಳು ಅಕ್ಷರ ಬಿಟ್ಟು ಅಂಚಿಗೆ ಹೋಗುತ್ತದೆ. ನಾನು ಆಟ್ರಿಬ್ಯೂಟನ್ನೂ ಹಾಕಿದೆ, ಎಫೆಕ್ಟನ್ನೂ ತೆಗೆದೆ.

ತೆಗೆಯುವುದು ಸುಲಭ. ‘ಸೆಟ್ ಗ್ರಾಫಿಕ್ಸ್ ಎಫೆಕ್ಟ್’ಗೆ ನನ್ (None, ಪೈಥಾನ್‌ನಲ್ಲಿ ‘ಏನೂ ಇಲ್ಲ’) ಕೊಟ್ಟರೆ ಹಳೆಯ ಎಫೆಕ್ಟನ್ನು ಕ್ಯೂಟಿಯೇ ಅಳಿಸಿಹಾಕುತ್ತದೆ. ಆದರೆ ಎಡ ಪ್ಯಾನೆಲ್‌ನಲ್ಲಿ ಹಾಗೆ ಮಾಡಿ, ಮೂರು ಗೆರೆಯ ಬಟನ್ ಒತ್ತಿ ಪ್ಯಾನೆಲ್ ಮಡಚಿ ಬಿಚ್ಚಿದರೆ ನೆರಳು ಮತ್ತೆ ಹಾಜರ್. ಮಡಚುವ ಫಂಕ್ಷನ್‌ನ ಕೊನೆಯಲ್ಲಿ ಹೊಸ ಎಫೆಕ್ಟ್ ಹುಟ್ಟಿಸಿ ಹಚ್ಚುವ ಸಾಲುಗಳಿದ್ದವು. ಅದಕ್ಕೇ ಹೇಳುವುದು, ಓಡುತ್ತಿರುವ ಆ್ಯಪ್‌ನಲ್ಲಿ ನನ್ ಕೊಟ್ಟು ಮುಚ್ಚಿಹಾಕುವ ಬದಲು ಪ್ರಾಜೆಕ್ಟ್ ಪೂರ್ತಿ ಆ ಕ್ಲಾಸ್ ಹೆಸರು ಹುಡುಕಿ, ಹುಟ್ಟುವ ಜಾಗದಲ್ಲೇ ತೆಗೆಯಬೇಕು.

ಎಫೆಕ್ಟ್ ಹೋದರೂ ಉಳಿದದ್ದು

ಇಷ್ಟಾದ ಮೇಲೂ ಪ್ಯಾನೆಲ್‌ನ ಬಲ ಅಂಚಿನಲ್ಲಿ ತೆಳು ಕಪ್ಪು ಇನ್ನೂ ಇತ್ತು. ಮೊದಲಿನ ದೊಡ್ಡ ನೆರಳಿನ ಕೆಳಗೆ ಅದು ಮುಚ್ಚಿಹೋಗಿತ್ತು ಅಷ್ಟೇ. ಆಲ್ ವಿಜೆಟ್ಸ್ ಪಟ್ಟಿ ಈಗ ಏನೂ ಹೇಳುವುದಿಲ್ಲ, ಯಾಕೆಂದರೆ ಇದು ಎಫೆಕ್ಟೇ ಅಲ್ಲ.

ಈ ಸಲ ಮೌಸ್ ಉಪಾಯ ಕೆಲಸಕ್ಕೆ ಬಂತು. ಪ್ಯಾನೆಲ್‌ಗೂ ಟೇಬಲ್‌ಗೂ ನಡುವೆ 8 ಪಿಕ್ಸೆಲ್ ಅಗಲದ ಒಂದು ಕ್ಯೂಫ್ರೇಮ್ ನಿಂತಿತ್ತು. ಅದಕ್ಕೆ ಸ್ಟೈಲ್ ಶೀಟ್‌ನಲ್ಲಿ ‘ಕ್ಯೂ ಲೀನಿಯರ್ ಗ್ರೇಡಿಯೆಂಟ್’, ಕಪ್ಪಿನಿಂದ ಪಾರದರ್ಶಕಕ್ಕೆ. ಬಾಕ್ಸ್ ಶ್ಯಾಡೋ ಕೆಲಸ ಮಾಡಲಿಲ್ಲ ಅಂತ ಯಾರೋ ಮೊದಲು ಬಣ್ಣ ಬಳಿದು ನೆರಳು ಮಾಡಿದ್ದಾರೆ, ಆಮೇಲೆ ಎಫೆಕ್ಟ್ ಸಿಕ್ಕಿದೆ, ಹಳೆಯದನ್ನು ತೆಗೆಯಲು ಮರೆತಿದ್ದಾರೆ. ಹೀಗೇ ಆಗಿರಬೇಕು. ಇದನ್ನು ತೆಗೆಯುವಾಗ, ವಿಜೆಟ್‌ಗಳಿಗೆ ಜಾಗ ಹಂಚುವ ಲೇಔಟ್‌ನ ‘ರಿಮೂವ್ ವಿಜೆಟ್’ ಮಾತ್ರ ಕರೆದರೆ ಸಾಲದು. ಅದು ವಿಜೆಟನ್ನು ಲೇಔಟ್‌ನ ಲೆಕ್ಕದಿಂದ ಬಿಡುತ್ತದೆ, ಪರದೆಯಿಂದ ಅಲ್ಲ. ವಿಜೆಟ್ ಇದ್ದ ಜಾಗದಲ್ಲೇ ಅಂಟಿಕೊಂಡಿರುತ್ತದೆ. ಹುಟ್ಟಿಸುವ ಸಾಲನ್ನೇ ಅಳಿಸಿದೆ.

ಇನ್ನೂ ಒಂದು ಕಪ್ಪು ಗೆರೆ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದು, ಯಾಕೆಂದರೆ ಇದು ಪ್ಯಾನೆಲ್‌ನದೇ ಅಲ್ಲ. ಟೇಬಲ್‌ನದು. ಕ್ಯೂಟಿಯಲ್ಲಿ ಸ್ಕ್ರಾಲ್ ಆಗುವ ವಿಜೆಟ್‌ಗಳಿಗೆಲ್ಲ, ಅಂದರೆ ಟೇಬಲ್, ಲಿಸ್ಟ್, ಟ್ರೀ ಎಲ್ಲಕ್ಕೂ, ಹುಟ್ಟಿನಿಂದಲೇ ಒಂದು ಚೌಕಟ್ಟು ಇರುತ್ತದೆ. ಅದರ ಆಕಾರ ‘ಸ್ಟೈಲ್ಡ್ ಪ್ಯಾನೆಲ್’, ನೆರಳಿನ ಬಗೆ ‘ಸಂಕನ್’, ಅಂದರೆ ಒಳಕ್ಕೆ ಕುಸಿದಂತೆ. ಕ್ಯೂಟಿಯ ಫ್ಯೂಷನ್ ಸ್ಟೈಲ್‌ನಲ್ಲಿ (ಸ್ಟೈಲ್ ಅಂದರೆ ಇಡೀ ಆ್ಯಪ್‌ನ ರೂಪ) ಅದು ಸಾದಾ ಗೆರೆಯಂತೆ ಕಾಣುತ್ತದೆ. ನಮ್ಮ ಆ್ಯಪ್‌ನಲ್ಲಿ ಹಿಂದಿನವರು ಹಳೆಯ ‘ವಿಂಡೋಸ್’ ಸ್ಟೈಲ್ ಇಟ್ಟಿದ್ದರು. ಅಲ್ಲಿ ಸಂಕನ್ ಚೌಕಟ್ಟಿಗೆ ಎಡಕ್ಕೂ ಮೇಲಕ್ಕೂ ಎರಡು ಪಿಕ್ಸೆಲ್ ಕಡು ಬಣ್ಣ, ಬಲಕ್ಕೂ ಕೆಳಕ್ಕೂ ತಿಳಿ ಬಣ್ಣ. ಟೇಬಲ್‌ನ ಎಡ ಅಂಚು ಅಂದರೆ ಪ್ಯಾನೆಲ್‌ನ ಬಲ ಅಂಚಿಗೆ ಅಂಟಿಕೊಂಡ ಜಾಗ. ನೋಡುವವರಿಗೆ ಪ್ಯಾನೆಲ್‌ನ ನೆರಳು ಅಂತಲೇ ಕಾಣುತ್ತದೆ. ಟೇಬಲ್‌ನ ‘ಸೆಟ್ ಫ್ರೇಮ್ ಶೇಪ್’ಗೆ ‘ನೋ ಫ್ರೇಮ್’ ಕೊಟ್ಟೆ. ಪ್ಯಾನೆಲ್‌ನ ಒಳಗಿನ ಲಿಸ್ಟ್‌ಗೂ ಅದನ್ನೇ ಕೊಟ್ಟೆ.

ಕೊನೆಗೆ ಪಾಪ್‌ಅಪ್. ಪ್ಯಾನೆಲ್ ಮಡಚಿದಾಗ ಐಕಾನ್ ಒತ್ತಿದರೆ ಪಕ್ಕದಲ್ಲಿ ಚಿಕ್ಕ ಮೆನು ತೆರೆಯುತ್ತದೆ. ಅದರ ನೆರಳು ಹಾಕುವುದು ಕ್ಯೂಟಿ ಅಲ್ಲ, ವಿಂಡೋಸ್. ಮೆನು ನಿಜಕ್ಕೂ ಟೇಬಲ್ ಮೇಲೆ ತೇಲುತ್ತದೆ, ಎರಡು ಕ್ಷಣ ಇದ್ದು ಹೋಗುತ್ತದೆ. ಅಲ್ಲಿ ನೆರಳು ಇರಲಿ ಅಂತ ಬಿಟ್ಟೆ. ಬೇಡ ಅನ್ನುವವರು ಮೆನುವಿನ ವಿಂಡೋ ಫ್ಲ್ಯಾಗ್‌ಗಳಿಗೆ ‘ಫ್ರೇಮ್‌ಲೆಸ್ ವಿಂಡೋ ಹಿಂಟ್’ ಮತ್ತು ‘ನೋ ಡ್ರಾಪ್ ಶ್ಯಾಡೋ ವಿಂಡೋ ಹಿಂಟ್’ ಸೇರಿಸಬೇಕು. ಹಳೆಯ ಫ್ಲ್ಯಾಗ್‌ಗಳನ್ನು ಉಳಿಸಿಕೊಂಡು ಸೇರಿಸಿ, ಇಲ್ಲದಿದ್ದರೆ ಮೆನು ಮೆನುವಾಗಿ ಉಳಿಯುವುದಿಲ್ಲ. ತೋರಿಸುವ ಮೊದಲೇ ಸೇರಿಸಿ. ಫ್ಲ್ಯಾಗ್ ಬದಲಿಸಿದರೆ ತೆರೆದ ವಿಜೆಟ್ ಮರೆಯಾಗುತ್ತದೆ.

ನೆರಳಿನ ಬದಲಿಗೆ

ನೆರಳೆಲ್ಲ ಹೋದ ಮೇಲೆ ಪ್ಯಾನೆಲ್ ಎಲ್ಲಿ ಮುಗಿಯಿತು, ಟೇಬಲ್ ಎಲ್ಲಿ ಶುರುವಾಯಿತು ಅನ್ನೋದೇ ತಿಳಿಯದಂತಾಯಿತು. ಎರಡೂ ಬಿಳಿ. ಪ್ಯಾನೆಲ್‌ಗೆ 243ರ ತೆಳು ಬೂದು (0 ಅಂದರೆ ಕಪ್ಪು, 255 ಅಂದರೆ ಬಿಳಿ) ಕೊಟ್ಟು ನೋಡಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಸ್ಪಷ್ಟ, ಕಾಕಾ ಕಳಿಸಿದ ಫೋಟೋದಲ್ಲಿ ಎರಡೂ ಒಂದೇ ಬಿಳಿ. ಈಗಿನ ವಿನ್ಯಾಸಗಳು ಇಂಥ ತೆಳು ಬಣ್ಣಗಳನ್ನೇ ನೆಚ್ಚಿಕೊಂಡಿರುತ್ತವೆ. ಬೆಂಗಳೂರಿನ ಆಫೀಸಿನ ಒಳ್ಳೆಯ ಪರದೆಗೆ ಅದು ಸರಿ. ಧೂಳಿನ ಗೋದಾಮಿನ ಮಾನಿಟರ್‌ಗೆ ಅಲ್ಲ. ಪ್ಯಾನೆಲ್ 225ಕ್ಕೆ ಇಳಿಸಿ, ಬಲ ಅಂಚಿಗೆ 1 ಪಿಕ್ಸೆಲ್‌ನ ಗಟ್ಟಿ ಗೆರೆ, 150ರ ಬೂದು, ಹಾಕಿದ ಮೇಲೆ ಅಲ್ಲಿಯೂ ಬೇರೆ ಬೇರೆ ಕಂಡಿತು. ಗೆರೆ ಒಂದೇ ಪಿಕ್ಸೆಲ್‌ನಲ್ಲಿ ಮುಗಿಯುತ್ತದೆ. ಅಂಕಿಗಳ ಮೇಲೆ ಹರಡುವುದಿಲ್ಲ.

ಈ ಗೆರೆ ಹಾಕುವಾಗ ಒಂದು ಎಚ್ಚರ ಬೇಕು. ಪ್ಯಾನೆಲ್‌ನ ‘ಸೆಟ್ ಸ್ಟೈಲ್ ಶೀಟ್’ನಲ್ಲಿ ಸೆಲೆಕ್ಟರ್ (ನಿಯಮ ಯಾವ ವಿಜೆಟ್‌ಗೆ ಅನ್ನುವ ಗುರುತು) ಇಲ್ಲದೆ ಬರೀ ಬಾರ್ಡರ್ ಅಂತ ಬರೆದರೆ ಅದು ಪ್ಯಾನೆಲ್‌ಗೆ ಮಾತ್ರ ನಿಲ್ಲುವುದಿಲ್ಲ. ಒಳಗಿನ ಬಟನ್, ಲೇಬಲ್, ಸ್ಕ್ರಾಲ್‌ಬಾರ್ ಎಲ್ಲದಕ್ಕೂ ಹರಿಯುತ್ತದೆ. ಪ್ರತಿ ಬಟನ್‌ನ ಬಲಕ್ಕೂ ಗೆರೆ ಬೀಳುತ್ತದೆ. ಪ್ಯಾನೆಲ್‌ಗೆ ಒಂದು ಆಬ್ಜೆಕ್ಟ್ ಹೆಸರು ಕೊಟ್ಟು, ಹ್ಯಾಶ್ ಚಿಹ್ನೆ ಹಾಕಿ ಆ ಹೆಸರಿನ ಮೇಲೆಯೇ ನಿಯಮ ಬರೆಯಿರಿ. ಲಾಟ್ ನಂಬರ್ ಕಾಲಂಗೆ ಎಡಕ್ಕೆ ಒಂದಿಷ್ಟು ಜಾಗವನ್ನೂ ಬಿಟ್ಟೆ. ನೆರಳಿಗೂ ಇದಕ್ಕೂ ಸಂಬಂಧ ಇಲ್ಲ, ಆದರೂ ಅಂಕಿಗಳು ಅಂಚಿಗೆ ಅಂಟಿಕೊಂಡಿದ್ದು ಮೊದಲಿಂದಲೂ ಕಣ್ಣಿಗೆ ಚುಚ್ಚುತ್ತಿತ್ತು.

ಕಣ್ಣಳತೆಯೊಂದನ್ನೇ ನಂಬಬಾರದು ಅಂತ ಅಳೆದೂ ನೋಡಿದೆ. ಪರದೆಯ ಚಿತ್ರವನ್ನು ‘ಗ್ರ್ಯಾಬ್ ವಿಂಡೋ’ದಿಂದ ತೆಗೆದು, ಪ್ಯಾನೆಲ್ ಅಂಚಿನಿಂದ ಬಲಕ್ಕೆ ಒಂದೇ ಸಾಲಿನ ಪಿಕ್ಸೆಲ್‌ಗಳ ಬೆಲೆ ಪ್ರಿಂಟ್ ಮಾಡಿಸಿದೆ. ಮೊದಲು ಅಂಚಿನ ಬಳಿ ಕಡಿಮೆಯಿಂದ ಶುರುವಾಗಿ 255 ಮುಟ್ಟುವವರೆಗೆ ನಿಧಾನಕ್ಕೆ ಏರುತ್ತಿತ್ತು. ಈಗ 225, 225, 150, ಅದರ ಮುಂದೆ ಎಲ್ಲ 255. ನಡುವೆ ಇಳಿಜಾರೇ ಇಲ್ಲ. ಇಳಿಜಾರು ಇಲ್ಲದಿದ್ದರೆ 6 ಬಿಟ್‌ನ ಪರದೆಗೂ ಪಟ್ಟೆ ಮಾಡಲು ಏನೂ ಸಿಗುವುದಿಲ್ಲ. ಇಂಥ ನೆರಳು ಮತ್ತೆ ನುಸುಳಿದೆಯಾ ಅಂತ ನೋಡಲು ಈ ಅಳತೆಯನ್ನೇ ಒಂದು ಚಿಕ್ಕ ಟೆಸ್ಟ್ ಆಗಿ ಉಳಿಸಿಕೊಂಡಿದ್ದೇನೆ.

ಪೈಥಾನ್ ಆ್ಯಪನ್ನು ಪೈಥಾನ್ ಇಲ್ಲದ ಕಂಪ್ಯೂಟರ್‌ನಲ್ಲೂ ಓಡುವಂತೆ ಮಾಡುವ ಪೈಇನ್‌ಸ್ಟಾಲರ್‌ನಲ್ಲಿ ಹೊಸ ಫೋಲ್ಡರ್ ಕಟ್ಟಿ, ಪೆನ್‌ಡ್ರೈವ್‌ನಲ್ಲಿ ಒಯ್ದು ಹಾಕಿ ಬಂದೆ. ಟಾಸ್ಕ್ ಮ್ಯಾನೇಜರ್‌ನ ಕುಣಿತ ನಿಂತಿದೆ. ರೈತರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಸ್ಟಾಕ್ ಪಟ್ಟಿ ಸ್ಕ್ರೀನ್‌ಶಾಟ್‌ನಲ್ಲೂ ಮೊದಲು ಈ ನೆರಳು ಬೀಳುತ್ತಿತ್ತು, ಅದೂ ಹೋಯಿತು. ಕಾಕಾ ಕನ್ನಡಕ ಏರಿಸಿ ಒಂದು ಸಲ ನೋಡಿ, “ಈಗ ಏಳ ಏಳ ಕಾಣತೈತಿ. ಗಡಿಯಾರ ಯಾಕ ತಗದಿಲ್ಲ?” ಅಂದರು. ಎಫೆಕ್ಟ್ ಇಲ್ಲದ ಮೇಲೆ ಗಡಿಯಾರದಿಂದ ತೊಂದರೆ ಇಲ್ಲ ಅಂತ ಅದನ್ನು ಉಳಿಸಿದ್ದೆ. ಅವರಿಗೆ ಅದು ಬೇಡವೇ ಆಗಿತ್ತಂತೆ. ತೆಗೆದೆ.

ಕಾಟಾ ಹತ್ತಿರ ಇನ್ನೊಂದು ಕಂಪ್ಯೂಟರ್ ಇದೆ, ಅದರಲ್ಲಿ ಇನ್ನೂ ವಿಂಡೋಸ್ 7. ಕ್ಯೂಟಿ 6 ಅಲ್ಲಿ ನಡೆಯುವುದಿಲ್ಲ, ಅದಕ್ಕೆ ವಿಂಡೋಸ್ 10 ಬೇಕು. ಹಾಗಾಗಿ ಆ ಯಂತ್ರಕ್ಕೆ ಕ್ಯೂಟಿ 5.15 ಮತ್ತು ಪೈಸೈಡ್ 2ರ ಹಳೆಯ ಬಿಲ್ಡ್. ಇಲ್ಲಿ ಹೇಳಿದ ಫಂಕ್ಷನ್‌ಗಳೆಲ್ಲ ಅಲ್ಲಿಯೂ ಇದೇ ಹೆಸರಿನಲ್ಲಿ ಇವೆ. ಇಂಪೋರ್ಟ್ ಸಾಲು ಬಿಟ್ಟರೆ ಬೇರೇನೂ ಬದಲಿಸದೆ ಅದೇ ಬದಲಾವಣೆಗಳನ್ನು ಅಲ್ಲಿಗೂ ಹಾಕಿದ್ದೇನೆ.